ಕನ್ನಡದಲ್ಲಿ ಹೆಲ್ಪ್ ಆರ್ಟಿಕಲ್ ಫಾರ್ಮ್ಯಾಟ್ ಮಾಡೋದು ಹೇಗೆ

ಹೆಲ್ಪ್ ಪೇಜಿಗೆ ಯಾರೂ ಆರಾಮಾಗಿ ಓದೋಕೆ ಅಂತ ಬರಲ್ಲ. ಪಾಸ್‌ವರ್ಡ್ ಮರೆತೋಗಿರತ್ತೆ ಇಲ್ಲಾ ಪೇಮೆಂಟ್ ಸಿಕ್ಕಾಕೊಂಡಿರತ್ತೆ, ಬಸ್ಸಲ್ಲಿ ನಿಂತ್ಕೊಂಡು ಮೊಬೈಲಲ್ಲಿ ತಮಗೆ ಬೇಕಾದ ಒಂದು ಸ್ಟೆಪ್ ಹುಡುಕ್ತಿರ್ತಾರೆ, ಅದು ಕಣ್ಣಿಗೆ ಬೀಳದಿದ್ರೆ ಸೀದಾ ಕಸ್ಟಮರ್ ಕೇರ್‌ಗೆ ಫೋನು. ಆರ್ಟಿಕಲ್ ಬರೆಯೋ ಎಡಿಟರಲ್ಲಿ ಒಂದೊಂದು ಬಟನ್ ಒತ್ತುವಾಗ್ಲೂ ಅವರು ನೆನಪಲ್ಲಿರ್ಲಿ.

ಮೊದಲು ಪೇಸ್ಟ್ ವಿಷ್ಯ. ವರ್ಡ್‌ನಿಂದ ಕಾಪಿ ಮಾಡಿ ಹಾಗೇ ಹಾಕಿದ್ರೆ ಅಲ್ಲಿನ ಫಾಂಟು, ಸೈಜು, ಬಣ್ಣ ಅಂಟ್ಕೊಂಡೇ ಬರೋ ಸಾಧ್ಯತೆ ಜಾಸ್ತಿ, ನಿಮ್ಮ ಸ್ಕ್ರೀನಲ್ಲಿ ಚೆನ್ನಾಗೇ ಕಾಣತ್ತೆ, ಡಾರ್ಕ್ ಮೋಡಲ್ಲಿ ಓದೋರಿಗೆ ಕಪ್ಪಿನ ಮೇಲೆ ಕಪ್ಪು. ಕಂಟ್ರೋಲ್+ಶಿಫ್ಟ್+ವಿ ಒತ್ತಿ, ಬರೀ ಅಕ್ಷರ ಮಾತ್ರ ಬರತ್ತೆ. ಆಗ್ಲೇ ಹಾಕಿಬಿಟ್ಟಿದ್ರೆ ಎಲ್ಲಾ ಸೆಲೆಕ್ಟ್ ಮಾಡಿ ಕ್ಲಿಯರ್ ಫಾರ್ಮ್ಯಾಟಿಂಗ್ ಕೊಡಿ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿರೋ ಫೈಲ್ ಆದ್ರೆ ಮೊದಲು ಯೂನಿಕೋಡ್‌ಗೆ (ಈಗಿನ ಫೋನು, ಕಂಪ್ಯೂಟರ್ ಎಲ್ಲಾ ಓದೋ ಅಕ್ಷರ ಪದ್ಧತಿ) ಕನ್ವರ್ಟ್ ಮಾಡ್ಲೇಬೇಕು, ಇಲ್ಲಾಂದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರತ್ವೆ, ಸರ್ಚಲ್ಲೂ ಸಿಗಲ್ಲ.

ಆಮೇಲೆ ಹೆಡಿಂಗ್. ಬೋಲ್ಡ್ ಮಾಡಿ ಸೈಜ್ ದೊಡ್ಡದು ಮಾಡಿದ್ರೆ ಅದು ಹೆಡಿಂಗ್ ಆಗಲ್ಲ, ದಯವಿಟ್ಟು ಎಡಿಟರಿನ ಹೆಡಿಂಗ್ ಡ್ರಾಪ್‌ಡೌನ್‌ನಿಂದಾನೇ ಆರಿಸ್ಕೊಳ್ಳಿ. ಸಾಮಾನ್ಯವಾಗಿ ಆರ್ಟಿಕಲ್ ಟೈಟಲ್ಲೇ ಹೆಡಿಂಗ್ 1 ಆಗಿರತ್ತೆ, ಹಾಗಾಗಿ ಒಳಗೆ 2ರಿಂದ ಶುರು ಮಾಡಿ, ಅದರ ಕೆಳಗೆ 3, ಮಧ್ಯೆ ಹಾರಬೇಡಿ. ಕಣ್ಣು ಕಾಣದೋರು ಎನ್‌ವಿಡಿಎ ಥರದ ಸ್ಕ್ರೀನ್ ರೀಡರಲ್ಲಿ (ಸ್ಕ್ರೀನಲ್ಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್) ಎಚ್ ಕೀ ಒತ್ತಿ ಒಂದು ಹೆಡಿಂಗಿಂದ ಇನ್ನೊಂದಕ್ಕೆ ಹೋಗ್ತಾರೆ, ನೀವು ಬರೀ ಬೋಲ್ಡ್ ಮಾಡಿಟ್ರೆ ಅವರ ಪಾಲಿಗೆ ಇಡೀ ಪೇಜು ಒಂದೇ ಗೋಡೆ.

ತುಂಬಾ ಜನ ಎಡವೋದು ನಂಬರ್ ಲಿಸ್ಟಲ್ಲಿ. ಮೂರನೇ ಸ್ಟೆಪ್ ಆದ್ಮೇಲೆ ಎಂಟರ್ ಒತ್ತಿ ಲಿಸ್ಟಿಂದ ಹೊರಗೆ ಬಂದು ಸ್ಕ್ರೀನ್‌ಶಾಟ್ ಹಾಕ್ತಾರೆ, ಮುಂದಿನ ಸ್ಟೆಪ್ ಮತ್ತೆ 1 ಅಂತ ಶುರುವಾಗತ್ತೆ. ನಮ್ಮ ಟೀಮಲ್ಲಿ ಹೀಗೇ ಆಗಿ "ನಾಲ್ಕನೇ ಸ್ಟೆಪ್ ಎಲ್ಲಿದೆ ಸಾರ್" ಅಂತ ಕಾಲ್ ಬಂದಿತ್ತು. ಸ್ಟೆಪ್ಪಿನ ಕೊನೇಲಿ ಶಿಫ್ಟ್+ಎಂಟರ್ ಒತ್ತಿ, ಅದೇ ಸ್ಟೆಪ್ಪಿನ ಒಳಗೇ ಹೊಸ ಸಾಲು ಬರತ್ತೆ, ಚಿತ್ರ ಅಲ್ಲಿ ಹಾಕಿ, ಆಮೇಲೆ ಎಂಟರ್ ಒತ್ತಿದ್ರೆ 4 ಬರತ್ತೆ. ಒಂದು ಸ್ಟೆಪ್ಪಿಗೆ ಒಂದೇ ಕೆಲಸ ಇರ್ಲಿ.

ಬೋಲ್ಡನ್ನ ಬಟನ್ ಹೆಸರುಗಳಿಗೆ ಇಟ್ಕೊಳ್ಳಿ. ಸ್ಕ್ರೀನಲ್ಲಿ ಹೆಸರು ಇಂಗ್ಲಿಷಲ್ಲಿದ್ರೆ ಆರ್ಟಿಕಲಲ್ಲೂ ಇಂಗ್ಲಿಷಲ್ಲೇ ಬರೀರಿ, ನೀವು Settings ಅನ್ನೋದನ್ನ "ಸಂಯೋಜನೆಗಳು" ಅಂತ ಅನುವಾದ ಮಾಡಿದ್ರೆ ಪಾಪ ಅವರು ಇಲ್ದೇ ಇರೋ ಬಟನ್ ಹುಡುಕ್ತಾ ಕೂರ್ತಾರೆ.

ಕನ್ನಡಕ್ಕೇ ಅಂತ ಇರೋ ಕೆಲವು ತೊಂದರೆಗಳು ಇಂಗ್ಲಿಷ್ ಗೈಡುಗಳಲ್ಲಿ ಸಿಗಲ್ಲ. ಇಟಾಲಿಕ್ ಬೇಡ, ಬಹುತೇಕ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ಇಲ್ಲ, ಬ್ರೌಸರ್ರೇ ಅಕ್ಷರನ ಎಳೆದು ಓರೆ ಮಾಡತ್ತೆ. ಅಂಡರ್‌ಲೈನ್ ಒತ್ತಕ್ಷರಕ್ಕೆ ಅಡ್ಡ ಬರತ್ತೆ, ಅದನ್ನ ಲಿಂಕಿಗೆ ಮಾತ್ರ ಬಿಡಿ. ಜಸ್ಟಿಫೈ ಮಾಡಿದ್ರೆ, ಅಂದ್ರೆ ಸಾಲಿನ ಎರಡೂ ಅಂಚು ಸಮ ಮಾಡಿದ್ರೆ, ನಮ್ಮ ಉದ್ದುದ್ದ ಪದಗಳಿಂದ ಮೊಬೈಲಲ್ಲಿ ಸಾಲಿನ ಮಧ್ಯೆ ದೊಡ್ಡ ದೊಡ್ಡ ಜಾಗ ಬಿಡತ್ತೆ, ಎಡಕ್ಕೇ ಇರ್ಲಿ. ಲೈನ್ ಹೈಟ್ (ಒಂದು ಸಾಲಿನ ಎತ್ತರ, ಅಕ್ಷರದ ಸೈಜಿಗೆ ಹೋಲಿಸಿ) 1.6 ಆದ್ರೂ ಇಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ.

ಲಿಂಕಿಗೆ "ಇಲ್ಲಿ ಕ್ಲಿಕ್ ಮಾಡಿ" ಅನ್ನೋ ಬದಲು "ಪಾಸ್‌ವರ್ಡ್ ರೀಸೆಟ್ ಮಾಡೋ ವಿಧಾನ" ಅಂತ ಬರೀರಿ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದ್ರೆ ಅದರಲ್ಲಿ ಏನಿದೆ ಅಂತ ಹೇಳೋ ಪುಟ್ಟ ವಿವರಣೆ, ಹಾಕಿ.

ಪಬ್ಲಿಷ್ ಆದ್ಮೇಲೆ ಲಾಗಿನ್ ಇಲ್ದೆ ಇನ್‌ಕಾಗ್ನಿಟೋದಲ್ಲಿ, ಫೋನಲ್ಲೇ ಒಂದ್ಸಲ ತೆಗೆದು ನೋಡಿ, ಕೆಲವು ಚಿತ್ರಗಳು ನಿಮ್ಮ ಅಕೌಂಟಲ್ಲಿ ಮಾತ್ರ ಕಾಣ್ತಿರತ್ವೆ.