ಹಂಡೆ ನೀರು ಕಾಯುವಷ್ಟು ಹೊತ್ತು ಸಾಕು: ದಿನಾ ಪ್ರಾರ್ಥನೆ ರೂಢಿ ಮಾಡಿಕೊಳ್ಳುವುದು ಹೇಗೆ?

ಭಾನುವಾರ ಚರ್ಚ್ ತಪ್ಪಿಸುವುದಿಲ್ಲ, ಯುವಜನರ ಶಿಬಿರಕ್ಕೂ ಹಾಜರಿ. ಶಿಬಿರ ಮುಗಿದ ರಾತ್ರಿ ‘ನಾಳೆಯಿಂದ ಬೆಳಿಗ್ಗೆ ಒಂದು ಗಂಟೆ ಪ್ರಾರ್ಥನೆ’ ಅಂತ ತೀರ್ಮಾನವೂ ಆಗಿರುತ್ತದೆ. ಬುಧವಾರದ ಹೊತ್ತಿಗೆ ಅದು ಮಾಯ. ಭಕ್ತಿ ಕಡಿಮೆಯಾಯಿತು ಅಂತ ಬೇಜಾರು ಬೇಡ, ಶುರುವಿಗೇ ಒಂದು ಗಂಟೆ ಜಾಸ್ತಿಯಾಯಿತು ಅಷ್ಟೆ.

ಮೊದಲು ಹೊತ್ತು ಗೊತ್ತು ಮಾಡಿ. ಗಡಿಯಾರ ನೋಡಿ ಅಲ್ಲ, ದಿನಾ ಹೇಗೂ ಮಾಡುವ ಒಂದು ಕೆಲಸ ನೋಡಿ. ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಿ ಸ್ನಾನದ ನೀರು ಕಾಯಲು ಬಿಡುತ್ತಾರಲ್ಲ, ಮಳೆಗಾಲದಲ್ಲಿ ಸೌದೆ ಹಸಿಯಾಗಿ ಬರೀ ಹೊಗೆ ಏಳುವಾಗಂತೂ ಹಂಡೆ ಬಿಸಿಯಾಗಲು ಇನ್ನೂ ತಡ, ಆಗ ಸುಮ್ನೆ ಮೊಬೈಲ್ ನೋಡುತ್ತಾ ಕೂರುವ ಹತ್ತು ನಿಮಿಷ ಸಿಗುತ್ತದೆ. ಅದೇ ನಿಮ್ಮ ಹೊತ್ತು. ಶಿವಮೊಗ್ಗದ ಹಾಸ್ಟೆಲ್‌ನಲ್ಲಿ ಹಂಡೆ ಇಲ್ಲ, ಆದರೆ ಬಾತ್‌ರೂಮಿನ ಸರದಿಗೆ ಕಾಯುವುದಂತೂ ಇದ್ದೇ ಇದೆ, ಅಲ್ವಾ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅಲ್ಲಿ ನೋಡಿದ್ದು ಪ್ರಾರ್ಥನೆಯನ್ನಲ್ಲ, ನೀರು ಕುಡಿಯುವುದು, ಹಣ್ಣು ತಿನ್ನುವುದು ಇಂಥವನ್ನು. ಅಭ್ಯಾಸ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ ಬೇಗ, ಕೆಲವರಿಗೆ ಬಹಳ ನಿಧಾನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. ಹಾಗಾಗಿ ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಕೂತು ಸಾಲ ತೀರಿಸುವುದು ಬೇಡ.

ಜಾಗದ ಬಗ್ಗೆ ಜಾಸ್ತಿ ಯೋಚಿಸಬೇಡಿ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಅಂತ ಬೈಬಲ್ಲಿನ ಮತ್ತಾಯ 6ರಲ್ಲಿದೆ, ಒಂದೇ ರೂಮಿನಲ್ಲಿ ನಾಲ್ವರಿದ್ದರೆ ಗೋಡೆ ಕಡೆ ತಿರುಗಿ ಕೂರಿ.

ಈಗ ನಿಜವಾದ ಕಷ್ಟ: ಕೂತ ಮೇಲೆ ಏನು ಹೇಳುವುದು? ಯೇಸು ಕಲಿಸಿದ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯಿಂದ ಶುರು ಮಾಡಿ. ಎಲ್ಲರಿಗೂ ಬಾಯಿಪಾಠ, ಅದಕ್ಕೇ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ನಿಧಾನ ಮಾಡಿ. ಆಹಾರ ಕೇಳುವ ಸಾಲಿಗೆ ಬಂದಾಗ ನಿಂತು ಇವತ್ತಿನ ಸಂಗತಿ ಹೇಳಿ, ಕಟ್ಟಬೇಕಾದ ಮೆಸ್ ಬಿಲ್ಲು, ಕೊಳೆರೋಗ ಬಂದ ಅಪ್ಪನ ಅಡಿಕೆ ತೋಟ, ಏನಿದೆಯೋ ಅದು. ಕ್ಷಮೆಯ ಸಾಲಿನಲ್ಲಿ ಯಾರ ಮುಖ ಕಣ್ಣಿಗೆ ಬರುತ್ತದೋ ಅವರ ಹೆಸರನ್ನೇ ಹೇಳಿ.

ಆಮೇಲೆ ಬೈಬಲ್ಲಿನ ಕೀರ್ತನೆಗಳಲ್ಲಿ ಒಂದು. ಒಟ್ಟು 150 ಇವೆ, ದಿನಕ್ಕೊಂದರಂತೆ ಐದು ತಿಂಗಳಿಗೆ ಸಾಕು. 117ಕ್ಕೆ ಎರಡೇ ವಚನ, ಪರೀಕ್ಷೆ ದಿನಕ್ಕೆ ಇಟ್ಟುಕೊಳ್ಳಿ. 119ಕ್ಕೆ 176 ವಚನ, ಅದನ್ನು ಒಂದೇ ದಿನ ಮುಗಿಸುವ ಸಾಹಸ ಬೇಡ. ಮನಸ್ಸು ಕೆಟ್ಟ ದಿನ 13 ತೆಗೆಯಿರಿ, ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಅಂತ ನೇರವಾಗಿ ದೇವರನ್ನೇ ಕೇಳುತ್ತದೆ. 88 ಇನ್ನೂ ಖಾರ, ಕೊನೆಯ ವಚನದಲ್ಲೂ ಕತ್ತಲೆಯೇ. ದೇವರ ಹತ್ತಿರ ಜಗಳ ಆಡಬಹುದು ಅನ್ನುವುದನ್ನು ನಮ್ಮ ಹುಡುಗರಿಗೆ ಯಾಕೆ ಹೇಳಿಕೊಡುವುದಿಲ್ಲವೋ!

ಬೈಬಲ್ ಆ್ಯಪ್ ಇದ್ದರೆ ತಪ್ಪಿಲ್ಲ, ಆದರೆ ಓದುತ್ತಿರುವಾಗಲೇ ಮೇಲಿಂದ ಮೆಸೇಜ್ ಇಳಿಯುತ್ತದೆ. ಪುಸ್ತಕವೇ ವಾಸಿ. ಜುಲೈನ ಥಂಡಿಗೆ ಅದರ ತೆಳು ಹಾಳೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಅಡುಗೆಮನೆ ಗೋಡೆಯ ಹಿಂದಿನ ಕಪಾಟಿನಲ್ಲಿಟ್ಟರೆ ಬೆಚ್ಚಗಿರುತ್ತದೆ.

ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ರಾತ್ರಿ ತೇರ್ಸ್, ಅಂದರೆ ಜಪಸರ ಹಿಡಿದು ಮಾಡುವ ಪ್ರಾರ್ಥನೆ, ಇದ್ದೇ ಇರುತ್ತದೆ, ಅದು ಎಲ್ಲರೂ ಕೂಡಿ ಮಾಡುವುದು, ಬಿಡಬೇಡಿ. ಮನೆಯಿಂದ ದೂರ ಇರುವವರು ಬಸ್ಸಿನಲ್ಲಿ ಹೇಳಿಕೊಳ್ಳಬಹುದು. ತೀರ್ಥಹಳ್ಳಿಯಲ್ಲಿ ಹತ್ತಿದರೆ ಮಂಡಗದ್ದೆ ಬರುವಷ್ಟರಲ್ಲಿ ಹತ್ತತ್ತು ಜಪದ ಐದೂ ಸುತ್ತುಗಳು ಮುಗಿಯುತ್ತವೆ, ಜಪಸರ ಇಲ್ಲದಿದ್ದರೆ ಬೆರಳು ಹತ್ತು ಇವೆಯಲ್ಲ.

ಕೊನೆಗೆ, ಜೊತೆಗೊಬ್ಬರನ್ನು ಸೇರಿಸಿಕೊಳ್ಳಿ. ಓದಿದ ಕೀರ್ತನೆಯ ನಂಬರ್ ಮಾತ್ರ ವಾಟ್ಸ್ಆ್ಯಪ್ ಮಾಡಿ, ಕೈಮುಗಿಯುವ ಎಮೋಜಿ, ಫಾರ್ವರ್ಡ್ ಏನೂ ಬೇಡ. ಮೂರು ದಿನ ಅವರ ನಂಬರ್ ಬರದಿದ್ದರೆ ಫೋನ್ ಮಾಡಿ, ಗದರುವುದಕ್ಕಲ್ಲ, ಜ್ವರ ಗಿರ ಬಂದಿದೆಯಾ ಅಂತ ಕೇಳುವುದಕ್ಕೆ.