ಹೋದ ಜಾತ್ರೆಯ ಫೈಲ್ ಎಲ್ಲಿದೆ?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ನನ್ನಂಥ ಡಿಸೈನ್ ಕೆಲಸದವರಿಗೆ ಇದೇ ತಾಪತ್ರಯ. ವರ್ಷಾ ವರ್ಷಾ ಬರುವ ಕೆಲಸವಾದರೆ ಫೈಲ್ ಎಲ್ಲಿಟ್ಟಿದ್ದೇನೆ ಅಂತ ನೆನಪಿರುತ್ತದೆ. ಎರಡು ವರ್ಷ ಅಂದರೆ ಮರೆಯುವುದಕ್ಕೆ ಸರಿಯಾದ ಸಮಯ.

2024ರ ಜಾತ್ರೆಗೆ ಮುಂಚೆ ಪೇಟೆಯ ಅಂಗಡಿಯವರೊಬ್ಬರು ಬಂದರು. "ತಮ್ಮಾ, 2022ರಲ್ಲಿ ಮಾಡಿದ ಬ್ಯಾನರ್ರೇ ಸಾಕು. ಇಸವಿ ಬದಲಿಸಿ ಕೊಡು" ಅಂದರು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಹುಡುಕಿದರೆ ಕಂಪ್ಯೂಟರಿನಲ್ಲಿ 'ಅರ್ಜೆಂಟ್' ಅಂತ ಮೂರು ಫೋಲ್ಡರ್! ಕೊನೆಗೆ ಫೈಲ್ ಸಿಕ್ಕಿತು. ತೆರೆದರೆ ಕನ್ನಡ ಅಕ್ಷರದ ಜಾಗದಲ್ಲೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಡುವೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದೆ, ಆ ಫಾಂಟ್ ಹೋಗಿತ್ತು. ಅವರ ಮೊಬೈಲಿನಲ್ಲಿದ್ದ ಬ್ಯಾನರಿನ ಫೋಟೋ ನೋಡಿಕೊಂಡು ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದೆ.

ಕನ್ನಡದ ಹಳೆಯ ಫಾಂಟುಗಳ ಗುಟ್ಟೇ ಇದು. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ನಂಬರ್ ಕೊಡುವ ವ್ಯವಸ್ಥೆ) ಅಲ್ಲದ ಹಳೆಯ 'ನುಡಿ', 'ಬರಹ' ಸಾಫ್ಟ್‌ವೇರಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲೇ ಕನ್ನಡದ ಆಕಾರ ಕೂತಿರುತ್ತದೆ. ಫಾಂಟ್ ಎದ್ದು ಹೋದರೆ ಮನೆಯ ಯಜಮಾನ ಹೊರಗೆ ಬರುತ್ತಾನೆ, ಅಷ್ಟೇ. ಯೂನಿಕೋಡ್ ಆದರೆ ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಹಾಗಾಗಿ ಈಗ ಒಂದು ಕೆಲಸಕ್ಕೆ ಒಂದೇ ಫೋಲ್ಡರ್. ಅದರೊಳಗೆ ತಿದ್ದಲು ಬರುವ ಕೋರೆಲ್ (ನಾನು ಡಿಸೈನ್ ಮಾಡುವ ಸಾಫ್ಟ್‌ವೇರ್) ಫೈಲ್, ಅಕ್ಷರಗಳನ್ನು ಕರ್ವ್ ಮಾಡಿದ, ಅಂದರೆ ಫಾಂಟ್ ಇಲ್ಲದೆಯೂ ಕಾಣುವಂತೆ ಚಿತ್ರದ ಗೆರೆಯಾಗಿಸಿದ ಇನ್ನೊಂದು ಪ್ರತಿ, ಒಂದು ಪಿಡಿಎಫ್, ಬಳಸಿದ ಫಾಂಟ್. ಜೊತೆಗೆ ಇಡೀ ಮ್ಯಾಟರನ್ನು ಯೂನಿಕೋಡಿನಲ್ಲಿ ಸಾದಾ ಟೆಕ್ಸ್ಟ್ ಫೈಲಾಗಿ ಇಡುತ್ತೇನೆ. ಇದಕ್ಕೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಅಂಗಡಿಯ ಹೆಸರು ಕನ್ನಡದಲ್ಲಿ ಹೊಡೆದು ಹುಡುಕಿದರೆ ಫೋಲ್ಡರ್ ಸಿಗುತ್ತದೆ. ಹೊಸ ಕೋರೆಲ್‌ನಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ, ಅದಕ್ಕೇ ಪ್ರೆಸ್ಸಿನವರ ಬಳಿ ಇರುವ ವರ್ಶನ್ನಿನಲ್ಲೂ ಒಂದು ಪ್ರತಿ ಬೇಕು.

ಹೆಸರಿಡುವುದನ್ನು ಕಲಿತದ್ದು ಅಮ್ಮನಿಂದ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಬಾಯಿಗೆ ಚೀಟಿ ಕಟ್ಟುತ್ತಾಳೆ: ಯಾವ ಮರದ್ದು, ಯಾವ ವರ್ಷದ್ದು. ನನ್ನ ಫೋಲ್ಡರಿಗೂ ಅಷ್ಟೇ. ಮೊದಲು ಇಸವಿ, ತಿಂಗಳು, ಆಮೇಲೆ ಯಾರದ್ದು, ಏನು. '2024-03' ಅಂತ ಶುರು ಮಾಡಿದರೆ ತಾನಾಗೇ ಸಾಲಾಗಿ ಕೂರುತ್ತವೆ.

ಬಾರ್ಡರ್, ಬಳ್ಳಿ, ಹೂವಿನಂಥ ಸಾಮಗ್ರಿಯದ್ದು ಬೇರೆ ಕಥೆ. ಒಂದು ಕಾಲದಲ್ಲಿ ಫ್ರೀ ಅಂತ ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡಿದ್ದೆ. 40 ಜಿಬಿ! ಬಳಸಿದ್ದು ಹತ್ತೋ ಹನ್ನೆರಡೋ ಇರಬಹುದು. ಯಾವುದು ವ್ಯಾಪಾರಕ್ಕೆ ಬಳಸಬಹುದು, ಯಾವುದಕ್ಕೆ ಮಾಡಿದವರ ಹೆಸರು ಹಾಕಬೇಕು ಅನ್ನುವುದೂ ಗೊತ್ತಿರಲಿಲ್ಲ. ಅಷ್ಟನ್ನೂ ಅಳಿಸಿದೆ. ಮತ್ತೆ ಇಳಿಸಿಕೊಳ್ಳಲು ಬರುವುದನ್ನು ಜೋಪಾನ ಮಾಡುವುದು ಯಾಕೆ? ಈಗ ಇಟ್ಟುಕೊಳ್ಳುವ ಪ್ರತಿ ಫಾಂಟಿನ ಜೊತೆ ಅದರ ಲೈಸೆನ್ಸ್ ಫೈಲೂ ಇರಬೇಕು. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮಾ ಎರಡೂ ಓಪನ್ ಫಾಂಟ್ ಲೈಸೆನ್ಸಿನವು, ವ್ಯಾಪಾರದ ಕೆಲಸಕ್ಕೂ ಬಳಸಬಹುದು, ತಲೆಬಿಸಿ ಇಲ್ಲ.

ಜೋಪಾನ ಮಾಡುವುದು ನಾನೇ ಮಾಡಿದ್ದನ್ನು. ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೋಡಿದ್ದೀರಲ್ವಾ? ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಕೊಟ್ಟು, ಮೊನೆಯಿಂದ ಕೆರೆದು ಬಿಳಿ ಕಾಣಿಸುವ ಕಲೆ ಅದು. ಎರಡೇ ಬಣ್ಣ ಆದ್ದರಿಂದ ಟ್ರೇಸ್ ಮಾಡುವುದು ಸುಲಭ ಅಂದುಕೊಂಡಿದ್ದೆ. ಸುಳ್ಳು! ಕಂಪ್ಯೂಟರ್ ತಾನೇ ಗೆರೆ ಎಳೆಯುವ ಆಟೋ ಟ್ರೇಸ್ ಮಾಡಿದರೆ ಗೋಡೆಯ ಬಿರುಕೂ ಬಳ್ಳಿಯಾಗುತ್ತದೆ. ಕೈಯಲ್ಲೇ ಗೆರೆ ಎಳೆದೆ. ಹೀಗೆ ಮಾಡಿದ ಬಳ್ಳಿ, ಪಟ್ಟಿಗಳನ್ನು ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಮಾಡಿ, ಮೂಲ ಫೋಟೋವನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ. ಆ ಕೆಂಪಿನ ಬಣ್ಣದ ನಂಬರನ್ನೂ ಬರೆದಿಟ್ಟಿದ್ದೇನೆ, ಪ್ರತಿ ಸಲ ಕಣ್ಣಳತೆಯಲ್ಲಿ ಹುಡುಕುವುದು ಬೇಡ ಅಂತ.

ನಮ್ಮ ಮಳೆಗಾಲ, ಸಿಡಿಲು, ಕರೆಂಟು ನೆನೆಸಿಕೊಂಡರೆ ಒಂದೇ ಕಡೆ ಇಡಲು ಧೈರ್ಯವಿಲ್ಲ. ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು. ಮೂರನೆಯದು ಕುಮಟಾದ ಅಕ್ಕನ ಮನೆಯಲ್ಲಿ. ದೇವಿಮನೆ ಘಟ್ಟ ಇಳಿದಾಗಲೆಲ್ಲ ಹೊಸ ಪ್ರತಿಯ ಡಿಸ್ಕ್ ಕೊಟ್ಟು ಹಳೆಯದು ತರುತ್ತೇನೆ. "ಇದರಲ್ಲಿ ಬಂಗಾರ ಇದ್ದಾ?" ಅಂತ ಭಾವ ನಗುತ್ತಾನೆ. ಡಿಸ್ಕಿಡುವ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟಿದ್ದೇನೆ.

ಇನ್ನೂ ಉಳಿದಿರುವುದು ಅಟ್ಟದ ಮೇಲಿನ ಹಳೆಯ ಕಂಪ್ಯೂಟರ್. ಅದರಲ್ಲಿ ಪೇಜ್‌ಮೇಕರ್ ಅನ್ನುವ ಹಳೆಯ ಸಾಫ್ಟ್‌ವೇರಿನಲ್ಲಿ ಮಾಡಿದ ಅರವತ್ತರಷ್ಟು ಲಗ್ನಪತ್ರಿಕೆಗಳಿವೆ. ಮಳೆ ಹಿಡಿಯುವುದರೊಳಗೆ ಅವನ್ನೆಲ್ಲ ಪಿಡಿಎಫ್ ಮಾಡಬೇಕು. ಮೊದಲು ಅದು ಆನ್ ಆಗಬೇಕು.