ಕ್ಲಿಕ್ ಟ್ರ್ಯಾಕ್ ಕಿತ್ತು ಹಾಕಿದ ಮೇಲೇನೇ ನನ್ನ ಮೊದಲ ಆಲ್ಬಮ್ ಮುಗಿದಿದ್ದು

ಹತ್ತು ವರ್ಷ ಜಾಹೀರಾತಿಗೆ, ಕಂಪನಿ ವಿಡಿಯೋಗಳಿಗೆ ಮ್ಯೂಸಿಕ್ ಮಾಡಿ ಮಾಡಿ ಸಾಕಾಗಿತ್ತು, ಮೂವತ್ತು ಸೆಕೆಂಡಿಗಿಂತ ಉದ್ದದ್ದೇನಾದ್ರೂ ಬರೀಬೇಕು ಅಂತ ಕೂತೆ. ಎರಡು ವಯಲಿನ್, ವಯಲಿನ್‌ಗಿಂತ ಸ್ವಲ್ಪ ದೊಡ್ಡ ಒಂದು ವಿಯೋಲಾ, ಇನ್ನೂ ದೊಡ್ಡ ಒಂದು ಚೆಲ್ಲೋ (ಈ ನಾಲ್ಕರ ತಂಡಕ್ಕೇ ಕ್ವಾರ್ಟೆಟ್ ಅನ್ನೋದು), ಜೊತೆಗೆ ಸಿಂತು, ಅಂದ್ರೆ ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸೋ ಸಿಂತಸೈಜರ್, ಮತ್ತೆ ಲ್ಯಾಪ್‌ಟಾಪು. ಏಳು ಟ್ರ್ಯಾಕ್, 38 ನಿಮಿಷ. ಎರಡೂವರೆ ವರ್ಷ ಹಿಡೀತು, ಅದ್ರಲ್ಲಿ ಒಂದಿಡೀ ವರ್ಷ ನನ್ನ ದಡ್ಡತನಕ್ಕೇ ಹೋಯ್ತು.

"ಓ, ಫ್ಯೂಷನ್ನಾ?" ಅಂತ ಕೇಳೋರಿಗೆ ಏನು ಹೇಳೋದು ಅಂತ ಇನ್ನೂ ಗೊತ್ತಾಗಿಲ್ಲ. ಇದೇನು ನಿನ್ನೆ ಮೊನ್ನೆಯ ಹುಚ್ಚಲ್ಲ. ಪ್ಯಾರಿಸ್‌ನಲ್ಲಿ ಪಿಯರ್ ಶೆಫರ್ 1948ರಲ್ಲೇ ರೈಲಿನ ಸದ್ದು ರೆಕಾರ್ಡ್ ಮಾಡಿ ಅದನ್ನ ಜೋಡಿಸಿ ಸಂಗೀತ ಮಾಡಿದ್ದ. 1969ರಲ್ಲಿ ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿಗೇ ಮೂಗ್ ಸಿಂತಸೈಜರ್ ಬಂದಿತ್ತು. ಪಾಶ್ಚಾತ್ಯ ಕ್ಲಾಸಿಕಲ್ ಅಂತೂ ನಮಗೆ ಹೊಸದೇ ಅಲ್ಲ, ಜಯಚಾಮರಾಜ ಒಡೆಯರ್ ಕೈಯಿಂದ ದುಡ್ಡು ಹಾಕಿ ರಷ್ಯನ್ ಕಂಪೋಸರ್ ಮೆಟ್ನರ್ ಕೃತಿಗಳನ್ನ ಲಂಡನ್ನಲ್ಲಿ ರೆಕಾರ್ಡ್ ಮಾಡ್ಸಿದ್ರು, ಮೈಸೂರಿನೋರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಸರಿ, ದಡ್ಡತನದ ವಿಷಯಕ್ಕೆ ಬರ್ತೀನಿ. ನಾನು ಮೊದಲು ಎಲೆಕ್ಟ್ರಾನಿಕ್ ಭಾಗ ಪೂರ್ತಿ ಮುಗಿಸಿಟ್ಟೆ, ಎಲ್ಲಾ 72ರ ಟೆಂಪೋ, ಅಂದ್ರೆ ನಿಮಿಷಕ್ಕೆ 72 ಬೀಟ್, ಅಳತೆ ಹಿಡಿದ ಹಾಗೆ. ಆಮೇಲೆ ನಾಲ್ಕೂ ಜನಕ್ಕೆ ಹೆಡ್‌ಫೋನ್ ಹಾಕ್ಸಿ, ಕಿವಿಗೆ ಕ್ಲಿಕ್ ಟ್ರ್ಯಾಕ್, ಅಂದ್ರೆ ಲಯ ತಪ್ಪದ ಹಾಗೆ ಒಂದೇ ಸಮ ಟಿಕ್ ಟಿಕ್ ಅನ್ನೋ ಸದ್ದು ಬಿಟ್ಟು, ನುಡಿಸಿ ಅಂದೆ. ಒಂದು ತಪ್ಪು ಸ್ವರ ಇಲ್ಲ, ಆದ್ರೆ ಕೇಳಿದ್ರೆ ಜೀವಾನೇ ಇಲ್ಲ, ನಾನು ಮೊದಲು ಡೆಮೋಗೆ ಹಾಕಿದ್ದ ಸಾಫ್ಟ್‌ವೇರ್ ವಯಲಿನ್ನೇ ಇದಕ್ಕಿಂತ ವಾಸಿ ಅನ್ನಿಸ್ತು. ಚೆಲ್ಲೋ ನುಡಿಸೋರು ವಯಸ್ಸಲ್ಲಿ ಹಿರಿಯರು, ಬೋ ಕೆಳಗಿಟ್ಟು, "ಏನಪ್ಪಾ, ನಾವು ನುಡಿಸ್ಬೇಕೋ, ಲೆಕ್ಕ ಹಾಕ್ಬೇಕೋ?" ಅಂದ್ರು. ನನಗೆ ಸಿಟ್ಟೇ ಬಂತು. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡ್ತಾ ಇತ್ತಲ್ಲ.

ಆ ಟೇಕ್‌ಗಳನ್ನ ಹಿಡ್ಕೊಂಡು ತಿಂಗಳುಗಟ್ಟಲೆ ಎಡಿಟ್ ಮಾಡ್ದೆ, ದೊಡ್ಡ ಹಾಲಿನಲ್ಲಿ ನುಡಿಸಿದ ಹಾಗೆ ಕೇಳಿಸೋ ರಿವರ್ಬ್ ಸುರಿದೆ, ಏನೂ ಆಗ್ಲಿಲ್ಲ. ಕೊನೆಗೆ ಅವರನ್ನೇ ಮತ್ತೆ ಕರೆಸಿ ಉಲ್ಟಾ ಮಾಡ್ದೆ: ಕ್ಲಿಕ್ ಇಲ್ಲ, ಹೆಡ್‌ಫೋನೂ ಇಲ್ಲ, ಒಬ್ಬರ ಮುಖ ಒಬ್ಬರಿಗೆ ಕಾಣೋ ಹಾಗೆ ಅರ್ಧಚಂದ್ರಾಕಾರ ಕೂತು ನುಡಿಸಿದ್ರು. ನಾನು ಮನೇಲಿ ಏಬಲ್ಟನ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಬೀಟ್‌ಗೂ ಕೈಯಾರೆ ಗುರುತು ಹಾಕಿ, ಪ್ರಾಜೆಕ್ಟ್ ಟೆಂಪೋನೇ ಅವರ ಹಿಂದೆ ಹೋಗೋ ಹಾಗೆ ಮಾಡ್ದೆ. ಮೂರನೇ ಟ್ರ್ಯಾಕ್ ಒಂದರಲ್ಲೇ ಟೆಂಪೋ 66ರಿಂದ 81ರ ತನಕ ಓಡಾಡುತ್ತೆ, ಕೇಳೋರಿಗೆ ಉಸಿರಾಡಿದ ಹಾಗೆ ಅಷ್ಟೇ. ಇದ್ರಲ್ಲಿ ಒಂದು ಪೇಚಿದೆ. ಡಿಲೇಯನ್ನ, ಅಂದ್ರೆ ಸದ್ದನ್ನ ಸ್ವಲ್ಪ ತಡವಾಗಿ ಮತ್ತೆ ಕೇಳಿಸೋ ಎಫೆಕ್ಟನ್ನ, ಟೆಂಪೋಗೆ ಸಿಂಕ್ ಮಾಡಿಟ್ರೆ ಟೆಂಪೋ ಸರಿದಾಗೆಲ್ಲಾ ಡಿಲೇ ಟೈಮೂ ಸರಿದು ಪಿಚ್ ವಾಲುತ್ತೆ, ಟೇಪ್ ಎಳೆದ ಹಾಗೆ. ಎರಡು ಕಡೆ ಅದು ಚೆನ್ನಾಗಿದೆ ಅಂತ ಬಿಟ್ಟೆ, ಮಿಕ್ಕಿದ್ದನ್ನೆಲ್ಲಾ ಟೆಂಪೋ ಬಿಡಿಸಿ ಇಂತಿಷ್ಟೇ ಮಿಲಿಸೆಕೆಂಡ್ ಅಂತ ಬದಲಾಯಿಸ್ದೆ.

ಶ್ರುತಿದು ಇನ್ನೊಂದು ಕತೆ. ಅವರು ಎ ಸ್ವರನ 442 ಹರ್ಟ್ಜ್‌ಗೆ ಕಟ್ಕೊಂಡಿದ್ರು, ನನ್ನ ಸಿಂತ್ 440. ಎರಡೂ ಒಟ್ಟಿಗೆ ಹಿಡಿದ್ರೆ ಸೆಕೆಂಡಿಗೆ ಎರಡು ಸಲ ಅಲೆಅಲೆಯಾಗಿ ಅಲ್ಲಾಡುತ್ತೆ, ನಾನು ವಾರಗಟ್ಟಲೆ ಅದು ಹಲವು ವಾದ್ಯ ಒಟ್ಟಿಗೆ ನುಡಿಸಿದ ಹಾಗೆ ಕೇಳಿಸೋ ಕೋರಸ್ ಎಫೆಕ್ಟು ಅಂದ್ಕೊಂಡು ಖುಷಿ ಪಟ್ಟಿದ್ದೆ! ಸಿಂತನ್ನೂ 442ಕ್ಕೆ ಏರಿಸಿದ್ರೂ ಮೇಜರ್ ಕಾರ್ಡಲ್ಲಿ (ಸ, ಗ, ಪ ಒಟ್ಟಿಗೆ ನುಡಿಸಿದ ಹಾಗೆ) ಗಾಂಧಾರ ಮಾತ್ರ ಕಚ್ಕೊಳ್ತಿರ್ಲಿಲ್ಲ. ಒಳ್ಳೆ ಕ್ವಾರ್ಟೆಟ್ ಕಾರ್ಡ್ ಹಿಡಿದು ನಿಂತಾಗ ಕಿವಿ ಹೇಳಿದ ಗಾಂಧಾರ ಹಿಡಿಯುತ್ತೆ, ಅದು ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ (ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆ ನಡುವೆ 100 ಸೆಂಟ್). ತಂಬೂರಿಲಿ ತಂತಾನೇ ಕೇಳಿಸೋ ಅಂತರ ಗಾಂಧಾರ ಇದೆಯಲ್ಲ, ಅದೇ ಇದು. ಚಿಕ್ಕಂದಿನಲ್ಲಿ ಅಮ್ಮನ ಪಾಠದ ಕೋಣೇಲಿ ಕೂತು ಕೇಳಿದ್ದ ಸ್ವರ ಜರ್ಮನ್ ಸಿಂತ್‌ನ ಸೆಟ್ಟಿಂಗ್‌ನಲ್ಲಿ ಹುಡುಕೋ ಹಾಗಾಯ್ತು. ನಿಂತ ಕಾರ್ಡುಗಳಿದ್ದ ಕಡೆಯೆಲ್ಲಾ ಸಿಂತಿನ ಗಾಂಧಾರ ಇಳಿಸ್ದೆ, ಆಗ ನಾಲ್ಕು ವಾದ್ಯ ಎಲ್ಲಿ ಮುಗೀತು, ಸಿಂತ್ ಎಲ್ಲಿ ಶುರುವಾಯ್ತು ಅಂತ ನನಗೇ ಗೊತ್ತಾಗ್ಲಿಲ್ಲ.

ಅಮ್ಮನ ಹಳೇ ಶ್ರುತಿ ಪೆಟ್ಟಿಗೇನೂ ಆಲ್ಬಮ್‌ನಲ್ಲಿದೆ. ಸ್ವರ ಬೇಡ ಅಂತ ಎಲ್ಲಾ ಮುಚ್ಚಿ, ತಿದಿಯ ಸದ್ದನ್ನ ಮಾತ್ರ ಮೈಕ್ ಹತ್ತಿರ ಇಟ್ಟು ಹಿಡಿದೆ, ರಾತ್ರಿ ಎರಡು ಗಂಟೆಗೆ, ಯಾಕಂದ್ರೆ ನಮ್ಮ ಬೀದೀಲಿ ಬೇರೆ ಹೊತ್ತಲ್ಲಿ ಆಗಲ್ಲ. ಅರ್ಧ ವೇಗಕ್ಕೆ ಇಳಿಸಿದ್ರೆ ಒಂದು ಸ್ಥಾಯಿ ಕೆಳಗೆ ಹೋಗುತ್ತೆ, ಉದ್ದ ಎರಡರಷ್ಟಾಗುತ್ತೆ. ಐದನೇ ಟ್ರ್ಯಾಕಲ್ಲಿ ಡ್ರಮ್ ಥರ ಕೇಳೋದೆಲ್ಲಾ ಅದೇ.

ಮಿಕ್ಸಿಂಗಲ್ಲಿ ಜಾಸ್ತಿ ಒದ್ದಾಡಿದ್ದು ಬೇಸ್‌ಗೆ. ಚೆಲ್ಲೋದ ತೀರಾ ಕೆಳಗಿನ ಸಿ ಸುಮಾರು 65 ಹರ್ಟ್ಜ್, ನನ್ನ ಸಿಂತ್ ಬೇಸೂ ಅಲ್ಲೇ ಕೂತಿತ್ತು, ಇಬ್ರೂ ಸೇರಿ ಬರೀ ಗುಂಯ್. ಚೆಲ್ಲೋ ಕೆಳಗಿಳಿದಾಗ ಸಿಂತ್ ಬಾಯಿ ಮುಚ್ಕೋಬೇಕು ಅಂತ ನಿಯಮ ಮಾಡ್ದೆ. ಮಾಸ್ಟರಿಂಗ್‌ನೋರು, ಅಂದ್ರೆ ಬಿಡುಗಡೆಗೆ ಮುಂಚೆ ಕೊನೇ ಹದ ಕೊಡೋರು, ಸೌಂಡ್ ಇನ್ನೂ ಏರಿಸೋಣ ಅಂದ್ರು, ಬೇಡ ಅಂದೆ, ಪಿಸುಗುಟ್ಟೋದೂ ಕೂಗೋದೂ ಒಂದೇ ಮಟ್ಟಕ್ಕೆ ಬಂದ್ರೆ ಕ್ವಾರ್ಟೆಟ್ ಯಾಕೆ ಬೇಕು. ಸ್ಟ್ರೀಮಿಂಗ್ ಆ್ಯಪ್‌ಗಳು ಹೇಗೂ ಜೋರಾಗಿರೋದನ್ನ ಇಳಿಸ್ತವೆ.

ಎಂಟನೇ ಟ್ರ್ಯಾಕ್ ಒಂದಿತ್ತು, ಆಲ್ಬಮ್‌ಗೆ ಹಾಕ್ಲಿಲ್ಲ. ಮೊದಲ ರೆಕಾರ್ಡಿಂಗಿನದು. ಅದರ ಕೊನೇಲಿ ಹೆಡ್‌ಫೋನಿಂದ ಸೋರಿದ ಕ್ಲಿಕ್ಕು, ಆಮೇಲೆ ಚೆಲ್ಲೋದವರು ಬೋ ಕೆಳಗಿಡೋ ಸದ್ದು, ಅವರ ಆ ಪ್ರಶ್ನೆ, ಎಲ್ಲಾ ಹಾಗೇ ಇದೆ. ಆಗಾಗ ಹಾಕ್ಕೊಂಡು ಕೇಳ್ತೀನಿ.